ವರದಿಯಲ್ಲಿ ಸಿಗದ ಹುಳು

ನಾಯಿ ಸಾಕಿದವರು ಸೇರಿದ ಕಡೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ಮಲ ಪರೀಕ್ಷೆ ಮಾಡಿಸಿದೆವು, ಹುಳು ಇಲ್ಲ ಅಂತ ಬಂತು, ಇನ್ನು ಚಿಂತೆಯಿಲ್ಲ. ದುಂಡುಹುಳು, ಕೊಕ್ಕೆಹುಳುಗಳ ಮಟ್ಟಿಗೆ ಈ ನೆಮ್ಮದಿಗೆ ಸಾಕಷ್ಟು ಆಧಾರವಿದೆ. ಲಾಡಿಹುಳುವಿನ ವಿಷಯದಲ್ಲಿ ಇಲ್ಲ. ನಾಯಿಗಳ ಜತೆ ಬದುಕುತ್ತ, ಪಶುವೈದ್ಯರನ್ನು ಕೇಳುತ್ತ, ಓದುತ್ತ ನನಗೆ ಮನದಟ್ಟಾಗಿರುವುದು ಇಷ್ಟು. ಈ ಹುಳುವನ್ನು ಪತ್ತೆಹಚ್ಚುವಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮೊದಲು ಬರುವುದು ಸಾಕಿದವರ ಕಣ್ಣು. ಕಣ್ಣೂ ಸೋಲುವ ಕಡೆ ಕೈಹಿಡಿಯುವುದು ನಾಯಿ ಏನು ತಿನ್ನುತ್ತದೆ, ಅದರ ಮೈಮೇಲೆ ಏನು ಹರಿದಾಡುತ್ತದೆ ಎಂಬ ತಿಳಿವಳಿಕೆ.

ಪರೀಕ್ಷೆ ಯಾಕೆ ಸೋಲುತ್ತದೆ ಎಂಬುದು ಹುಳುವಿನ ಸ್ವಭಾವದಲ್ಲೇ ಇದೆ. ಪ್ರಯೋಗಾಲಯದವರು ಮಲವನ್ನು ಗಾಢವಾದ ಉಪ್ಪಿನ ಅಥವಾ ಸಕ್ಕರೆಯ ದ್ರಾವಣದಲ್ಲಿ ಕಲಸಿ, ಮೇಲೆ ತೇಲಿಬರುವ ಮೊಟ್ಟೆಗಳನ್ನು ಹುಡುಕುತ್ತಾರೆ. ದುಂಡುಹುಳು ಸಾವಿರಗಟ್ಟಲೆ ಮೊಟ್ಟೆಗಳನ್ನು ನೇರವಾಗಿ ಕರುಳಿನೊಳಗೇ ಇಡುತ್ತದೆ, ಅವು ಮಲದ ಜತೆ ಬೆರೆತುಹೋಗುತ್ತವೆ, ಎಲ್ಲಿಂದ ಚಿಟಿಕೆ ತೆಗೆದರೂ ಒಂದೆರಡು ಸಿಕ್ಕೀತು. ಲಾಡಿಹುಳು ಹಾಗಲ್ಲ. ಅದು ಮೊಟ್ಟೆಗಳನ್ನು ತನ್ನ ಬಾಲದ ತುದಿಯ ತುಣುಕುಗಳಲ್ಲಿ ತುಂಬಿಕೊಂಡು, ಬಲಿತ ತುಣುಕನ್ನೇ ಕಳಚಿ ಹೊರಗೆ ಬಿಡುತ್ತದೆ. ತುಣುಕು ಇಡಿಯಾಗಿ ಹೊರಬಂದರೆ ಮೊಟ್ಟೆ ಅದರೊಳಗೇ ಉಳಿಯುತ್ತದೆ. ಎಷ್ಟೋ ಸಲ ಅದು ಮಲದ ದಾರಿಯನ್ನೂ ಕಾಯದೆ, ನಾಯಿ ಮಲಗಿದ್ದಾಗ ತಾನೇ ತೆವಳಿಕೊಂಡು ಗುದದ್ವಾರದಿಂದ ಆಚೆ ಬರುತ್ತದೆ. ಅಂದಮೇಲೆ ಡಬ್ಬಿಯಲ್ಲಿ ಹೋದ ಮಲದಲ್ಲಿ ಏನೂ ಸಿಗದಿರುವುದು ಸಹಜ. ‘ಮೊಟ್ಟೆ ಕಂಡುಬಂದಿಲ್ಲ’ ಎಂಬ ವರದಿ ಸುಳ್ಳಲ್ಲ, ಅದನ್ನು ‘ಹುಳು ಇಲ್ಲ’ ಎಂದು ಓದಿಕೊಳ್ಳುವುದು ನಾವು. ದ್ರಾವಣವನ್ನು ಯಂತ್ರದಲ್ಲಿ ಗಿರ್ರೆಂದು ತಿರುಗಿಸಿ ನೋಡಿದರೆ ಫಲಿತಾಂಶ ಕೊಂಚ ಸುಧಾರಿಸುತ್ತದೆ. ಹುಳುವಿನ ಮೈಯಿಂದ ಸೋರುವ ಪ್ರೋಟೀನನ್ನೇ ಮಲದಲ್ಲಿ ಹುಡುಕುವ ಪರೀಕ್ಷೆಗಳೂ ಈಗ ಬಂದಿವೆ. ಆದರೆ ನಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಹಳೆಯ ತೇಲಿಸುವ ಪರೀಕ್ಷೆಯೇ.

ಇನ್ನು ಕಣ್ಣಿನ ಕೆಲಸ. ನಮ್ಮ ನಾಯಿಗಳಲ್ಲಿ ತುಂಬ ಸಾಮಾನ್ಯವಾದ ಲಾಡಿಹುಳು ಡಿಪಿಲಿಡಿಯಂ. ಅದರ ತುಣುಕು ಹೊಸದಾಗಿ ಬಿದ್ದಾಗ ಒಂದು ಸೆಂಟಿಮೀಟರಿನಷ್ಟು ಉದ್ದ, ಸೌತೆಕಾಯಿ ಬೀಜದ ಆಕಾರ, ತುಸು ಕೆಂಪು ಬೆರೆತ ಬಿಳಿ ಬಣ್ಣ. ಬಗ್ಗಿ ನೋಡಿದರೆ ಅದು ಸುಮ್ಮನಿರುವುದಿಲ್ಲ. ಒಂದು ಕಡೆ ಚೂಪಾಗಿ ಚಾಚಿಕೊಳ್ಳುತ್ತದೆ, ಮತ್ತೆ ಕುಗ್ಗಿ ಗಿಡ್ಡವಾಗುತ್ತದೆ, ಹಾಗೆ ಒಂದಿಷ್ಟು ದೂರ ಸರಿಯುತ್ತದೆ. ಒಣಗಿದ ಮೇಲೆ ಎಳ್ಳಿನಷ್ಟೇ ಆಗಿ, ಹೊಂಬಣ್ಣಕ್ಕೆ ತಿರುಗಿ, ಬಾಲದ ಕೆಳಗಿನ ಕೂದಲಿಗೋ ನಾಯಿ ಮಲಗುವ ಗೋಣಿಗೋ ಅಂಟಿಕೊಂಡಿರುತ್ತದೆ. ಹಳೆಯ ಮಲದಲ್ಲಿ ನೊಣದ ಮರಿಹುಳುಗಳೂ ಮಿಸುಕಾಡುವುದರಿಂದ, ನೋಡಬೇಕಾದ್ದು ಆಗತಾನೆ ಬಿದ್ದ ಮಲವನ್ನೇ. ಸಿಕ್ಕಿದ ತುಣುಕನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದಕ್ಕಿಂತ, ಚಿಕ್ಕ ಶೀಶೆಯಲ್ಲಿ ಸ್ವಲ್ಪ ನೀರು ಹಾಕಿ ಪಶುವೈದ್ಯರಿಗೆ ಒಯ್ದು ಕೊಡುವುದು ಮೇಲು. ಡಿಪಿಲಿಡಿಯಂ ತುಣುಕಿನ ಎರಡೂ ಅಂಚಿನಲ್ಲಿ ಒಂದೊಂದು ರಂಧ್ರವಿರುತ್ತದೆ, ಟೀನಿಯಾ ಎಂಬ ಇನ್ನೊಂದು ಜಾತಿಯ ಲಾಡಿಹುಳುವಿನದಕ್ಕೆ ಒಂದೇ ಅಂಚಿನಲ್ಲಿ. ಗಾಜಿನ ಪಟ್ಟಿಯ ಮೇಲೆ ಹನಿ ನೀರಿನಲ್ಲಿ ಅದುಮಿದರೆ ಡಿಪಿಲಿಡಿಯಂನ ಮೊಟ್ಟೆಗಳು ಬಿಡಿಬಿಡಿಯಾಗಿರದೆ ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಂತೆ ಕಾಣುತ್ತವೆ. ಇದು ಬರೀ ಪಂಡಿತರ ಕುತೂಹಲವಲ್ಲ. ಡಿಪಿಲಿಡಿಯಂ ಸಿಕ್ಕಿತೆಂದರೆ ನಾಯಿಯ ಮೈಯಲ್ಲಿ ಚಿಗಟವೋ ಹೇನೋ ಇದೆ, ಟೀನಿಯಾ ಸಿಕ್ಕಿತೆಂದರೆ ಅದು ಎಲ್ಲೋ ಹಸಿ ಮಾಂಸವನ್ನೋ ಮೊಲವನ್ನೋ ತಿಂದಿದೆ. ರೋಗ ಎಲ್ಲಿಂದ ಬಂತು ಎನ್ನುವುದನ್ನು ಆ ತುಣುಕೇ ಹೇಳುತ್ತದೆ.

ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಎಳೆಯುವ ನಾಯಿಗೆ ಹುಳುವಾಗಿದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ತುಣುಕಿನ ತುರಿಕೆಯಿಂದ ಹಾಗೆ ಮಾಡುವುದುಂಟು, ಆದರೆ ಹೆಚ್ಚಿನ ಸಲ ಕಾರಣ ಗುದದ ಪಕ್ಕದ ಗ್ರಂಥಿಗಳು ತುಂಬಿ ನೋಯುತ್ತಿರುವುದು. ಅದನ್ನೇ ನೆಚ್ಚಿ ಮಾತ್ರೆ ನುಂಗಿಸಿದರೆ ಗ್ರಂಥಿಯ ನೋವು ಹಾಗೇ ಉಳಿಯುತ್ತದೆ. ನಾಯಿ ಚೆನ್ನಾಗಿ ತಿನ್ನುತ್ತಿದೆ, ಮೈಕೈ ತುಂಬಿಕೊಂಡಿದೆ, ಹುಳು ಎಲ್ಲಿಂದ ಎನ್ನುವವರ ಲೆಕ್ಕವೂ ತಪ್ಪು. ಲಾಡಿಹುಳುವಿರುವ ಬಹುಪಾಲು ನಾಯಿಗಳು ಚೆನ್ನಾಗಿಯೇ ತಿನ್ನುತ್ತವೆ.

ಇದಕ್ಕೆಲ್ಲ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ಹಾಕಿದರಾಯಿತು, ಪತ್ತೆಯ ಗೋಜು ಯಾಕೆ? ಮಾತು ತೂಕದ್ದೇ, ಆದರೆ ಪೂರ್ತಿ ಸರಿಯಲ್ಲ. ಮರಿಗಳಿಗೆ ಕುಡಿಸುವ ಪೈರಾಂಟೆಲ್ ಲಾಡಿಹುಳುವನ್ನು ಮುಟ್ಟುವುದಿಲ್ಲ. ಫೆನ್‌ಬೆಂಡಜೋಲ್ ಟೀನಿಯಾವನ್ನು ಕೊಲ್ಲುತ್ತದೆ, ಡಿಪಿಲಿಡಿಯಂಗೆ ನಾಟುವುದಿಲ್ಲ. ಎರಡಕ್ಕೂ ಆಗುವುದು ಪ್ರಾಜಿಕ್ವಾಂಟೆಲ್, ಆದ್ದರಿಂದ ಮಾತ್ರೆಯ ಹಾಳೆಯ ಮೇಲೆ ಆ ಹೆಸರಿದೆಯೇ ಎಂದು ಓದಿಕೊಳ್ಳಬೇಕು. ಪ್ರಾಜಿಕ್ವಾಂಟೆಲ್ ಹಾಕಿದ ಮೇಲೆ ಉದ್ದನೆಯ ಹುಳು ಬೀಳಲಿಲ್ಲ, ಮಾತ್ರೆ ನಕಲಿ ಎಂದು ದೂರುವವರಿದ್ದಾರೆ. ಸತ್ತ ಹುಳು ಕರುಳಿನಲ್ಲೇ ಜೀರ್ಣವಾಗಿಹೋಗುವುದರಿಂದ ಹೊರಗೆ ಏನೂ ಕಾಣದಿರುವುದೇ ಸಹಜ. ಒಂದು ತಿಂಗಳಲ್ಲೇ ತುಣುಕು ಮತ್ತೆ ಕಂಡರೂ ಮೊದಲ ಅನುಮಾನ ಮಾತ್ರೆಯ ಮೇಲಲ್ಲ, ಚಿಗಟದ ಮೇಲೆ ಹೋಗಬೇಕು. ಚಿಗಟದ ಮರಿ ಗೋಣಿಯಲ್ಲಿ, ನೆಲದ ಬಿರುಕಿನಲ್ಲಿ ಹುಳುವಿನ ಮೊಟ್ಟೆ ತಿಂದು ಬೆಳೆಯುತ್ತದೆ. ತುರಿಸಿಕೊಂಡು ಕಚ್ಚುವ ನಾಯಿ ಆ ಚಿಗಟವನ್ನು ನುಂಗಿದ ಎರಡು–ಮೂರು ವಾರಕ್ಕೆ ಹೊಸ ತುಣುಕು ಸಿದ್ಧ. ಮೂರು ತಿಂಗಳ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಫ್ಲ್ಯಾಟಿನಿಂದ ಆಚೆಗೇ ಹೋಗದೆ ಪ್ಯಾಕೆಟ್ ಆಹಾರ ತಿನ್ನುವ ನಾಯಿಗೂ ಚಿಗಟ ಬಂದರೆ ಇದೇ ಗತಿ. ಪ್ರಾಜಿಕ್ವಾಂಟೆಲ್‌ಗೂ ಬಗ್ಗದ ಡಿಪಿಲಿಡಿಯಂ ಬಗ್ಗೆ 2018ರಲ್ಲಿ ಅಮೆರಿಕದಿಂದ ವರದಿ ಬಂದಿದೆ. ಹುಳುವನ್ನು ನೋಡದೆ ಬರೀ ಮಾತ್ರೆಯನ್ನು ನಂಬುವವರಿಗೆ ಇಂಥದ್ದು ತಿಳಿಯುವ ದಾರಿಯೇ ಇಲ್ಲ.

ಕಣ್ಣೂ ಸೋಲುವ ಕಡೆ ಎಂದೆನಲ್ಲ, ಅದು ಎಕಿನೋಕಾಕಸ್ ಎಂಬ ಲಾಡಿಹುಳು. ಮನುಷ್ಯರ ಮಟ್ಟಿಗೆ ಭಯಪಡಬೇಕಾದ ಹುಳು ಇದೇ. ಪೂರ್ತಿ ಬೆಳೆದರೂ ಎರಡರಿಂದ ಏಳು ಮಿಲಿಮೀಟರ್, ಒಂದೇ ನಾಯಿಯಲ್ಲಿ ಸಾವಿರಾರು ಇದ್ದರೂ ನಾಯಿ ಲವಲವಿಕೆಯಿಂದಲೇ ಇರುತ್ತದೆ. ಮಲದಲ್ಲಿ ಬೀಳುವ ತುಣುಕು ಕಣ್ಣಿಗೆ ಬೀಳುವಷ್ಟಿರುವುದಿಲ್ಲ. ಮೊಟ್ಟೆ ಸಿಕ್ಕಿದರೂ ಅದನ್ನು ಟೀನಿಯಾದ ಮೊಟ್ಟೆಯಿಂದ ಬೇರೆ ಮಾಡಿ ಗುರುತಿಸುವುದು ಸೂಕ್ಷ್ಮದರ್ಶಕದ ಕೈಲಿ ಆಗುವುದಿಲ್ಲ. ಆ ಮೊಟ್ಟೆ ಕುರಿ, ಮೇಕೆ, ಎಮ್ಮೆ ಅಥವಾ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಬೆಳೆಯುವ ನೀರುಗುಳ್ಳೆಯಾಗುತ್ತದೆ. ಈ ಹುಳುವನ್ನು ನಾಯಿಯಲ್ಲಿ ಪತ್ತೆಮಾಡಲು ನ್ಯೂಜಿಲೆಂಡ್, ಟಾಸ್ಮೇನಿಯಾಗಳಲ್ಲಿ ಬಳಸಿದ್ದು ಅರೆಕೊಲಿನ್, ಅಂದರೆ ನಮ್ಮ ಮಲೆನಾಡಿನವರು ದಿನಾ ಅಗಿಯುವ ಅಡಿಕೆಯ ಸತ್ವ. ಹಳ್ಳಿಯ ನಾಯಿಗಳನ್ನೆಲ್ಲ ಒಂದು ಕಡೆ ಕಟ್ಟಿಹಾಕಿ, ಅರೆಕೊಲಿನ್ ಕೊಟ್ಟು ಭೇದಿ ಮಾಡಿಸಿ, ಬಿದ್ದದ್ದರಲ್ಲಿ ಹುಳು ಹುಡುಕುತ್ತಿದ್ದರು. ಹುಳು ಸಿಕ್ಕರೆ ಖಚಿತ. ಆದರೆ ಎಷ್ಟೋ ನಾಯಿಗಳಿಗೆ ಸರಿಯಾಗಿ ಭೇದಿಯಾಗುತ್ತಿರಲಿಲ್ಲ, ಆಗ ಹುಳು ಸಿಗದಿದ್ದುದಕ್ಕೆ ಅರ್ಥವಿರಲಿಲ್ಲ.

ಹಾಗಿದ್ದೂ ಟಾಸ್ಮೇನಿಯಾ 1996ರಲ್ಲಿ, ನ್ಯೂಜಿಲೆಂಡ್ 2002ರಲ್ಲಿ ಈ ಹುಳುವಿನಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡವು. ಅವಕ್ಕಿಂತ ಬಹಳ ಮೊದಲೇ ಐಸ್‌ಲ್ಯಾಂಡ್ ದಾರಿ ತೋರಿಸಿತ್ತು. 1863ರಲ್ಲಿ ಡೆನ್ಮಾರ್ಕಿನ ಹ್ಯಾರಲ್ಡ್ ಕ್ರಾಬೆ ಅಲ್ಲಿಗೆ ಹೋಗಿ ನಾಯಿಗಳ ಕರುಳು ಬಗೆದು ನೋಡಿದಾಗ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳಲ್ಲಿ ಎಕಿನೋಕಾಕಸ್ ಸಿಕ್ಕಿತು. ಬದುಕಿರುವ ನಾಯಿಯಲ್ಲಿ ಇದನ್ನು ಹಿಡಿಯುವ ಒಳ್ಳೆಯ ಪರೀಕ್ಷೆ ಆಗ ಇರಲಿಲ್ಲ. ಕುರಿಯ ಗುಳ್ಳೆಯಿರುವ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ, ಹೂಳಿ ಅಥವಾ ಸುಡಿ ಎಂಬ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿ, ಅದಕ್ಕೆ ಕಾನೂನಿನ ಬೆಂಬಲ ಕೊಟ್ಟು ಆ ದ್ವೀಪ ಹುಳುವಿನ ಬೇರು ಕಿತ್ತಿತು.

ನಮ್ಮ ಕುರಿಗಾಹಿಗಳ ಜತೆಗಿರುವ ನಾಯಿ, ಮಾಂಸದಂಗಡಿಯ ಹಿಂದೆ ಕಾಯುವ ಬೀದಿನಾಯಿ, ಜಾತ್ರೆಯಲ್ಲಿ ಹರಕೆಯ ಕುರಿ ಕೊಯ್ದ ದಿನ ಹೊಟ್ಟೆ ತುಂಬಿಸಿಕೊಳ್ಳುವ ಊರನಾಯಿ — ಇವುಗಳಿಗೆ ಹುಳುವಿದೆಯೇ ಎಂದು ಕೇಳುತ್ತ ಕೂರುವುದು ವ್ಯರ್ಥ. ಹಸಿ ಯಕೃತ್ತು, ಶ್ವಾಸಕೋಶ ಸಿಗುವ ಕಡೆ ಓಡಾಡುವ ನಾಯಿಗೆ ಹುಳುವಿದೆ ಎಂದೇ ಹಿಡಿದು ನಡೆಯಬೇಕು. ಎಕಿನೋಕಾಕಸ್ ಬಲಿತು ಮೊಟ್ಟೆ ಬಿಡಲು ಸುಮಾರು ಆರು ವಾರ ಬೇಕು. ಇಂಥ ನಾಯಿಗೆ ಪ್ರಾಜಿಕ್ವಾಂಟೆಲ್ ಕೊಡುವ ಅಂತರವೂ ಅಷ್ಟೇ ಇರಬೇಕು, ತೂಕ ನೋಡಿ ಪ್ರಮಾಣ ಹೇಳುವುದು ಪಶುವೈದ್ಯರ ಕೆಲಸ. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ ಮಾತ್ರೆ ಕೊಟ್ಟ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು, ಆಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು.