ಸೌತ್ ಡೌನ್ಸ್ ವೇ: ಬೆಟ್ಟದ ನೆತ್ತಿಯ ಮೇಲಿನ 160 ಕಿ.ಮೀ. ಸೈಕಲ್ ಸವಾರಿಗೆ ಸಿದ್ಧತೆ

ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ನಗರದಿಂದ ಹೊರಟು ಕಡಲತೀರದ ಈಸ್ಟ್‌ಬೋರ್ನ್ ತಲುಪುವ ಸೌತ್ ಡೌನ್ಸ್ ವೇ ಸುಮಾರು 160 ಕಿ.ಮೀ. ಉದ್ದದ ಬೆಟ್ಟದ ಹಾದಿ. ಹ್ಯಾಂಪ್‌ಶೈರ್ ಮತ್ತು ಸಸೆಕ್ಸ್ ಕೌಂಟಿಗಳಲ್ಲಿ ಪೂರ್ವ-ಪಶ್ಚಿಮವಾಗಿ ಮಲಗಿರುವ ಸೀಮೆಸುಣ್ಣದ ಗುಡ್ಡಸಾಲಿನ ನೆತ್ತಿ ಹಿಡಿದು ಇದು ಸಾಗುತ್ತದೆ. 1972ರಲ್ಲಿ ಪೂರ್ವದ ಭಾಗ ಅಧಿಕೃತವಾಗಿ ತೆರೆಯಿತು. ಮುಂದೆ ವಿಂಚೆಸ್ಟರ್‌ವರೆಗೆ ವಿಸ್ತರಣೆಯಾಯಿತು. ಇಂಗ್ಲೆಂಡಿನ ಬಹುತೇಕ ದೂರದ ಹಾದಿಗಳಲ್ಲಿ ನಡೆಯುವವರಿಗೆ ಮಾತ್ರ ಹಕ್ಕು. ಈ ಹಾದಿ ಕುದುರೆ ಸವಾರರಿಗೂ ಸೈಕಲ್ ಸವಾರರಿಗೂ ತುದಿಯಿಂದ ತುದಿಗೆ ತೆರೆದಿದೆ. ಮೌಂಟನ್ ಬೈಕ್ ಇರುವವರು ಲಂಡನ್ನಿನಿಂದ ಬೆಳಗಿನ ರೈಲು ಹಿಡಿದು ಬಂದು ಬೆಟ್ಟ ಹತ್ತಬಹುದಾದ ಹಾದಿ ಎಂಬುದು ಇದರ ಇನ್ನೊಂದು ಅನುಕೂಲ.

ಕಣಿವೆಗಳ ಲೆಕ್ಕ

ನಕ್ಷೆಯಲ್ಲಿ ಎತ್ತರ ನೋಡಿದವರಿಗೆ ಇದು ಸಲೀಸಾದ ಸವಾರಿ ಅನ್ನಿಸುತ್ತದೆ. ದಾರಿಯ ಅತಿ ಎತ್ತರದ ಗುಡ್ಡ ಬಟ್ಸರ್ ಹಿಲ್ 271 ಮೀಟರ್, ಹೆಸರಾಂತ ಡಿಚ್ಲಿಂಗ್ ಬೀಕನ್ 248 ಮೀಟರ್. ಆದರೆ ಈ ಗುಡ್ಡಸಾಲು ಅಖಂಡವಾಗಿಲ್ಲ. ಮೀಆನ್, ಆರನ್, ಏಡರ್, ಊಸ್, ಕುಕ್‌ಮಿಯರ್ ಎಂಬ ಐದು ನದಿಗಳು ಅದನ್ನು ಅಡ್ಡಲಾಗಿ ಕಡಿದಿವೆ. ನದಿ ಬಂದಲ್ಲೆಲ್ಲ ದಾರಿ ಕಣಿವೆಯ ತಳಕ್ಕೆ ಇಳಿಯುತ್ತದೆ, ದಾಟಿದ ಕೂಡಲೇ ಮತ್ತೆ ನೆತ್ತಿಗೆ ಏರುತ್ತದೆ. ನದಿಯಿಲ್ಲದ ಒಣ ಕಣಿವೆಗಳೂ ನಡುವೆ ಹಲವು. ಹೀಗೆ ಏರಿದ್ದನ್ನೆಲ್ಲ ಕೂಡಿಸಿದರೆ ಒಟ್ಟು ಏರು 4,000 ಮೀಟರ್ ಆಸುಪಾಸು ಬರುತ್ತದೆ. ಆದ್ದರಿಂದ ಯೋಜನೆಯನ್ನು ಕಿಲೋಮೀಟರಿನಿಂದ ಶುರುಮಾಡದೆ ಕಣಿವೆಗಳಿಂದ ಶುರುಮಾಡುವುದೇ ಸರಿ. ದಿನಕ್ಕೆ ಎಷ್ಟು ದೂರ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಕಣಿವೆ ಎಂದು ಕೇಳಿಕೊಂಡರೆ ಲೆಕ್ಕ ತಪ್ಪುವುದು ಕಡಿಮೆ.

ಮೊದಲ ಹೆಜ್ಜೆಯಾಗಿ 1:25,000 ಪ್ರಮಾಣದ ಆರ್ಡ್‌ನೆನ್ಸ್ ಸರ್ವೆ ನಕ್ಷೆಯಲ್ಲಿ, ಕಾಗದದ ಮೇಲಾಗಲಿ ಮೊಬೈಲಿನಲ್ಲಾಗಲಿ, ಈ ಐದು ದಾಟುಗಳನ್ನು ಗುರುತಿಸಿಕೊಳ್ಳಬೇಕು. ಪಶ್ಚಿಮದಿಂದ ಬರುವಾಗ ಮೀಆನ್ ನದಿ ಎಕ್ಸ್‌ಟನ್ ಹಳ್ಳಿಯಲ್ಲಿ, ಆರನ್ ಆ್ಯಂಬರ್ಲಿಯ ಬಳಿ, ಏಡರ್ ಬಾಟಾಲ್ಫ್ಸ್‌ನಲ್ಲಿ, ಊಸ್ ಸೌತೀಸ್‌ನಲ್ಲಿ, ಕುಕ್‌ಮಿಯರ್ ಆಲ್ಫ್ರಿಸ್ಟನ್‌ನಲ್ಲಿ ಸಿಗುತ್ತವೆ. ಊಟ, ನೀರು, ರೈಲು, ರಾತ್ರಿ ತಂಗುವ ಜಾಗ ಎಲ್ಲವೂ ಹೆಚ್ಚಾಗಿ ಈ ತಗ್ಗುಗಳಲ್ಲೇ ಇರುವುದರಿಂದ ಒಂದೇ ಗುರುತು ಹಲವು ಕೆಲಸಕ್ಕೆ ಒದಗುತ್ತದೆ. ವೇಗದ ವಿಷಯದಲ್ಲಿ ಉದಾರವಾಗಬಾರದು. ಟಾರು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಹೋಗುವವರೂ ಇಲ್ಲಿ ಗೇಟು, ಏರು, ಕಲ್ಲು ಸೇರಿ 10ರಿಂದ 12 ಕಿ.ಮೀ. ಎಂದು ಹಿಡಿದರೆ ಕತ್ತಲಾಗುವ ಮುನ್ನ ಊರು ಸೇರುತ್ತಾರೆ.

ಯಾವಾಗ, ಯಾವ ದಿಕ್ಕಿಗೆ

ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಗುಡ್ಡದ ನೆತ್ತಿಯಲ್ಲಿ ಮರದ ಮರೆ ಕಡಿಮೆ. ಹೀಗಾಗಿ ವಿಂಚೆಸ್ಟರ್‌ನಿಂದ ಪೂರ್ವಕ್ಕೆ ಹೊರಟರೆ ಗಾಳಿ ಬೆನ್ನಿಗೆ ಸಿಗುವ ಸಂಭವ ಜಾಸ್ತಿ. ಮೊದಲ ಸಲ ಹೋಗುವವರಿಗೆ ಈ ದಿಕ್ಕೇ ಒಳ್ಳೆಯದು. ಹೊರಡುವ ಹಿಂದಿನ ದಿನ ಹವಾಮಾನ ವರದಿಯಲ್ಲಿ ಮಳೆಯಷ್ಟೇ ಗಮನವನ್ನು ಗಾಳಿಯ ದಿಕ್ಕಿಗೂ ಕೊಡಬೇಕು. ಪೂರ್ವದ ಗಾಳಿ ಎದ್ದಿದ್ದರೆ ರೈಲಿನಲ್ಲಿ ಈಸ್ಟ್‌ಬೋರ್ನ್‌ಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬರುವುದು ಜಾಣತನ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗಿರುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಇಡೀ ಹಾದಿಯ ಯೋಜನೆಯನ್ನು ಬೇಸಿಗೆಗೆ ಇಟ್ಟುಕೊಂಡು ಚಳಿಗಾಲಕ್ಕೆ ಅರ್ಧ ದಿನದ ಸವಾರಿಗಳನ್ನು ಮಾತ್ರ ಉಳಿಸಿಕೊಳ್ಳುವುದು ಮೇಲು.

ಮಳೆ ಬಿದ್ದ ಸೀಮೆಸುಣ್ಣದ ಬಗ್ಗೆ ಬಿಡಿಸಿ ಹೇಳಲೇಬೇಕು. ಒಣಗಿದ್ದಾಗ ಅದು ಗಚ್ಚು ಬಳಿದ ನೆಲದಂತೆ ಗಟ್ಟಿಯಾಗಿರುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಮೇಲ್ಪದರ ಬಿಳಿ ಲೇಪವಾಗಿ ಟಯರಿನ ಹಲ್ಲುಗಳ ಸಂದಿಯನ್ನೆಲ್ಲ ತುಂಬಿಬಿಡುತ್ತದೆ. ಆಗ ಹ್ಯಾಂಡಲ್ ತಿರುಗಿಸಿದರೂ ಮುಂಚಕ್ರ ನೇರಕ್ಕೇ ಜಾರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಬೀಳುವುದು ಖಚಿತ. ಅಂಥ ಕಡೆ ದಾರಿಯೊಳಗಿನ ಹುಲ್ಲಂಚಿನ ಮೇಲೆ ನಿಧಾನವಾಗಿ ಇಳಿಯಬೇಕು, ಇಲ್ಲವೇ ಇಳಿದು ನಡೆಯಬೇಕು. ಬಯಲಿನ ಸುಣ್ಣ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಪಶ್ಚಿಮ ಭಾಗದ ಕಾಡಿನೊಳಗಿನ ಜೇಡಿಮಣ್ಣು ಮಾತ್ರ ದಿನಗಟ್ಟಲೆ ಕೆಸರಾಗಿಯೇ ಇರುತ್ತದೆ.

ದಿನಗಳ ಹಂಚಿಕೆ

ಗಟ್ಟಿ ಸವಾರರು ಇಡೀ ಹಾದಿಯನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಹೋಗಿ ಬರುವ 320 ಕಿ.ಮೀ.ಯನ್ನು 24 ಗಂಟೆಯೊಳಗೆ ಮುಗಿಸುವವರೂ ಇದ್ದಾರೆ. ಅದು ಬೇರೆಯೇ ಸಾಧನೆ. ವಾರಕ್ಕೊಮ್ಮೆ ಗುಡ್ಡ ಹತ್ತುವ ಅಭ್ಯಾಸವಿರುವವರು ಎರಡು ದಿನದಲ್ಲಿ, ಉಳಿದವರು ಮೂರು ದಿನದಲ್ಲಿ ಹಂಚಿಕೊಳ್ಳುವುದು ಹಿತ.

ಎರಡು ದಿನದ ಹಂಚಿಕೆಗೆ ಆ್ಯಂಬರ್ಲಿ ಸಹಜವಾದ ತಂಗುದಾಣ. ವಿಂಚೆಸ್ಟರ್‌ನಿಂದ ಅಲ್ಲಿಗೆ ಸುಮಾರು 75 ಕಿ.ಮೀ., ಅಲ್ಲಿಂದ ಈಸ್ಟ್‌ಬೋರ್ನ್‌ಗೆ ಸುಮಾರು 85. ಎರಡನೆಯ ದಿನವೇ ಕಠಿಣ. ಐದರಲ್ಲಿ ಮೂರು ನದಿಗಳು ಆ ಭಾಗದಲ್ಲಿವೆ, ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ ಆ್ಯಂಬರ್ಲಿಯಿಂದ ಮೇಲಕ್ಕೆ ಕಡಿದಾದ ಏರು. ಮೂರು ದಿನವಾದರೆ ಮೊದಲ ರಾತ್ರಿ ಕಾಕಿಂಗ್‌ನಲ್ಲಿ (ಸುಮಾರು 56 ಕಿ.ಮೀ.), ಎರಡನೆಯ ರಾತ್ರಿ ಏಡರ್ ಕಣಿವೆಯ ಸ್ಟೈನಿಂಗ್ ಅಥವಾ ಅಪ್ಪರ್ ಬೀಡಿಂಗ್‌ನಲ್ಲಿ ತಂಗಬಹುದು. ಎರಡನೆಯ ದಿನ ಹೀಗೆ ಚಿಕ್ಕದಾಗುವುದರಿಂದ ಬಿಗ್ನರ್ ಬೆಟ್ಟದ ಮೇಲೆ ದಾರಿಯನ್ನು ಅಡ್ಡ ಹಾಯುವ ರೋಮನ್ ರಸ್ತೆ ಸ್ಟೇನ್ ಸ್ಟ್ರೀಟನ್ನೂ, 1760ರಲ್ಲಿ ಬೀಚ್ ಮರಗಳನ್ನು ನೆಟ್ಟ ಹಳೆಯ ಕೋಟೆ ದಿಬ್ಬ ಚಾಂಕ್ಟನ್‌ಬರಿ ರಿಂಗನ್ನೂ ನಿಂತು ನೋಡಲು ಬಿಡುವಿರುತ್ತದೆ.

ಇಡೀ ಹಾದಿಗೆ ರಜೆ ಹೊಂದಿಸಲಾಗದವರಿಗೆ ರೈಲು ಇದೆ. ಆ್ಯಂಬರ್ಲಿ ಮತ್ತು ಸೌತೀಸ್ ಸ್ಟೇಷನ್‌ಗಳು ಹೆಚ್ಚುಕಡಿಮೆ ಹಾದಿಯ ಮೇಲೆಯೇ ಇವೆ. ಮೊದಲನೆಯದರಲ್ಲಿ ಇಳಿದು ಎರಡನೆಯದರಲ್ಲಿ ಹತ್ತಿದರೆ 60 ಕಿ.ಮೀ.ಗೆ ಹತ್ತಿರದ ಪೂರ್ತಿ ದಿನದ ಸವಾರಿ. ಈ ಹಾದಿಯ ಅತ್ಯುತ್ತಮ ಭಾಗವೂ ಅದೇ. ಸೌತೀಸ್‌ನಿಂದ ಈಸ್ಟ್‌ಬೋರ್ನ್‌ಗೆ ಅರ್ಧ ದಿನ ಸಾಕು. ಪೀಟರ್ಸ್‌ಫೀಲ್ಡ್, ಹ್ಯಾಸಕ್ಸ್, ಲೂಯಿಸ್ ಸ್ಟೇಷನ್‌ಗಳು ಹಾದಿಯಿಂದ ಕೆಲವೇ ಕಿ.ಮೀ. ದೂರದಲ್ಲಿರುವುದರಿಂದ ಸೈಕಲ್ ಕೆಟ್ಟಾಗ, ಕಾಲು ಸೋತಾಗ ಹೊರಬೀಳುವ ದಾರಿಗಳಾಗಿ ಅವನ್ನೂ ಗುರುತಿಸಿಕೊಂಡಿರಬೇಕು. ಕೆಲಸದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಕಚೇರಿ ವೇಳೆಯ ರೈಲುಗಳಲ್ಲಿ ಮಡಚಲಾಗದ ಸೈಕಲ್ಲುಗಳಿಗೆ ನಿರ್ಬಂಧವಿರುತ್ತದೆ. ಟಿಕೆಟ್ ತೆಗೆಯುವ ಮುನ್ನವೇ ಅದನ್ನು ನೋಡಿಕೊಳ್ಳಬೇಕು.

ಭಾರತೀಯ ಸವಾರರು ಒಂದು ಕವಲನ್ನು ಯೋಜನೆಯಲ್ಲಿ ಸೇರಿಸಿಕೊಳ್ಳುವುದು ಉಚಿತ. ಪೈಕೂಮ್ ದಾಟಿ ಕ್ಲೇಟನ್‌ನ ಜ್ಯಾಕ್ ಮತ್ತು ಜಿಲ್ ಎಂಬ ಜೋಡಿ ಗಾಳಿಗಿರಣಿಗಳ ಬಳಿ ಬಂದಾಗ, ದಕ್ಷಿಣಕ್ಕೆ ಸುಮಾರು ಎರಡು ಕಿ.ಮೀ. ಇಳಿದರೆ ಬೆಟ್ಟದ ಮಡಿಲಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಇದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರ ದಹನ ನಡೆದ ಜಾಗವದು. ಸ್ಮಾರಕ ಅನಾವರಣಗೊಂಡದ್ದು 1921ರಲ್ಲಿ. ಹೋಗಿ ಬರಲು, ಕೊಂಚ ಹೊತ್ತು ನಿಲ್ಲಲು ಒಂದು ಗಂಟೆ ಮೀಸಲಿಡಬೇಕು. ಸುತ್ತುಬೇಲಿಯೊಳಕ್ಕೆ ಸೈಕಲ್ ತಳ್ಳಿಕೊಂಡು ಹೋಗದೆ ಹೊರಗೇ ಒರಗಿಸುವುದು ಮರ್ಯಾದೆ.

ನೀರು, ತಂಗುದಾಣ

ಸುಣ್ಣದ ಬೆಟ್ಟದ ಮೇಲೆ ಹಳ್ಳವಾಗಲಿ ಒರತೆಯಾಗಲಿ ಇರುವುದಿಲ್ಲ. ಬಿದ್ದ ಮಳೆಯೆಲ್ಲ ಒಳಗಿಳಿದು ಬುಡದಲ್ಲಿ ಊಟೆಯಾಗಿ ಹೊರಡುತ್ತದೆ. ಹಳ್ಳಿಗಳು ಬುಡದಲ್ಲಿ ಬೆಳೆದದ್ದೂ ಅದಕ್ಕೇ. ನೆತ್ತಿಯಲ್ಲಿ ಕಾಣುವ ದುಂಡನೆಯ ಕೊಳಗಳು ಕುರಿಗಳಿಗಾಗಿ ಜೇಡಿಮಣ್ಣು ಮೆತ್ತಿ ಕಟ್ಟಿದವು, ಕುಡಿಯಲು ಯೋಗ್ಯವಲ್ಲ. ದಾರಿಗೆ ಹೊಂದಿಕೊಂಡಂತೆ ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ: ಕ್ವೀನ್ ಎಲಿಜಬೆತ್ ಕಂಟ್ರಿ ಪಾರ್ಕ್, ಕಾಕಿಂಗ್, ಬಾಟಾಲ್ಫ್ಸ್, ಸ್ಯಾಡಲ್ಸ್‌ಕೂಮ್ ಫಾರ್ಮ್, ಸೌತೀಸ್ ಇವುಗಳಲ್ಲಿ ಮುಖ್ಯವಾದವು. ಹಿಮಗಟ್ಟುವ ದಿನಗಳಲ್ಲಿ ನಲ್ಲಿ ನಿಲ್ಲಿಸಿರಬಹುದು. ಒಬ್ಬೊಬ್ಬರಿಗೂ ಎರಡು ಲೀಟರ್ ಹಿಡಿಯುವ ಸೌಕರ್ಯ ಇಟ್ಟುಕೊಂಡು, ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಬೇಕು.

ಊಟಕ್ಕೆ ಹಳ್ಳಿಯ ಪಬ್‌ಗಳಿವೆ. ಹಲವು ಕಡೆ ಮಧ್ಯಾಹ್ನದ ಊಟಕ್ಕೂ ರಾತ್ರಿಯೂಟಕ್ಕೂ ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳು ಆ ಹೊತ್ತಿಗೆಂದು ಚಪಾತಿಯನ್ನೋ ಒಣಹಣ್ಣನ್ನೋ ಚೀಲದಲ್ಲಿ ಇಟ್ಟಿರುವುದು ಕ್ಷೇಮ. ಬೇಸಿಗೆಯ ವಾರಾಂತ್ಯಗಳಲ್ಲಿ ಕೋಣೆಗಳು ಬೇಗ ತುಂಬುವುದರಿಂದ ಮೊದಲೇ ಕಾದಿರಿಸಬೇಕು, ಸೈಕಲ್ ಇಡಲು ಬೀಗವಿರುವ ಜಾಗ ಉಂಟೇ ಎಂದೂ ಕೇಳಬೇಕು. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಬೆಟ್ಟದ ಮೇಲೆ ಡೇರೆ ಹಾಕಲು ಹಕ್ಕಿಲ್ಲ.

ಸೈಕಲ್

ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಹಗುರ ಮೌಂಟನ್ ಬೈಕ್ ಈ ಹಾದಿಗೆ ಧಾರಾಳವಾಯಿತು. ಗಮನ ಕೊಡಬೇಕಾದದ್ದು ಟಯರಿಗೆ. ಸುಣ್ಣದೊಳಗೆ ಹುದುಗಿರುವ ಚಕಮಕಿ ಕಲ್ಲು ಒಡೆದಾಗ ಬ್ಲೇಡಿನಂಥ ಅಂಚು ಬಿಡುತ್ತದೆ. ಅದು ಟಯರಿನ ತಳವನ್ನಷ್ಟೇ ಅಲ್ಲ, ತೆಳ್ಳಗಿನ ಪಕ್ಕವನ್ನೂ ಸೀಳುತ್ತದೆ. ಸೀಲೆಂಟ್ ತುಂಬಿದ ಟ್ಯೂಬ್‌ಲೆಸ್ ಟಯರ್ ಸಣ್ಣ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಪಕ್ಕ ಸೀಳಿದರೆ ಮಾತ್ರ ಒಳಗಿನಿಂದ ದಪ್ಪ ತೇಪೆ ಇಟ್ಟು ಟ್ಯೂಬ್ ಹಾಕಲೇಬೇಕು. ಹಾಗಾಗಿ ಟ್ಯೂಬ್‌ಲೆಸ್ ಇದ್ದರೂ ಒಂದೆರಡು ಟ್ಯೂಬ್, ತೇಪೆ, ಪಂಪ್ ಜೊತೆಗಿರಲಿ. ಹೊಸ ಬ್ರೇಕ್ ಪ್ಯಾಡ್ ಒಂದು ಜೊತೆ, ಚೈನ್ ಜೋಡಿಸುವ ಕೊಂಡಿ, ಚೈನ್ ಎಣ್ಣೆ ಇಷ್ಟಿದ್ದರೆ ದಾರಿಯಲ್ಲಿ ಬರುವ ಹೆಚ್ಚಿನ ತಾಪತ್ರಯಗಳಿಗೆ ಸಾಕು. ಪೆಡಲ್ ತುಳಿದಾಗ ಮಾತ್ರ ನೆರವಾಗುವ, 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ.ಗೆ ನೆರವು ನಿಲ್ಲಿಸುವ ಎಲೆಕ್ಟ್ರಿಕ್ ಸೈಕಲ್ಲುಗಳಿಗೂ ಅವಕಾಶವಿದೆ.

ದಾರಿಯ ನಿಯಮ

ಇಂಗ್ಲೆಂಡಿನ ಹಾದಿಗಳ ಕಂಬಗಳ ಮೇಲಿನ ಬಾಣದ ಬಣ್ಣವೇ ಕಾನೂನನ್ನು ಹೇಳುತ್ತದೆ. ಹಳದಿ ಬಾಣವಿದ್ದರೆ ಕಾಲುದಾರಿ, ಸೈಕಲ್ ಹತ್ತುವಂತಿಲ್ಲ. ನೀಲಿ ಬಾಣವಿದ್ದರೆ ಬ್ರೈಡಲ್‌ವೇ, ಕುದುರೆಗೂ ಸೈಕಲ್ಲಿಗೂ ಮುಕ್ತ. ಅದರ ಜೊತೆಗಿರುವ ಓಕ್ ಕಾಯಿಯ ಚಿತ್ರ ನ್ಯಾಷನಲ್ ಟ್ರೇಲ್ ಎಂಬುದರ ಗುರುತು. ಬ್ರೈಡಲ್‌ವೇ ಮೇಲೆ ಸೈಕಲ್ಲಿಗೆ ಹಕ್ಕು ಸಿಕ್ಕಿದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಷರತ್ತನ್ನು ಅದೇ ಕಾಯ್ದೆ ಹಾಕಿದೆ. ಕುದುರೆಯ ಹಿಂದಿನಿಂದ ಬರುವಾಗ ದೂರದಿಂದಲೇ ಮಾತಾಡಿಸಬೇಕು. ಮನುಷ್ಯರ ದನಿ ಕೇಳಿದ ಕುದುರೆ ಬೆಚ್ಚುವುದು ಕಡಿಮೆ. ಸವಾರರು ಕೈಸನ್ನೆ ಮಾಡಿದ ಮೇಲೆ ನಿಧಾನವಾಗಿ, ಅಗಲ ಬಿಟ್ಟು ದಾಟಬೇಕು.

ಕುರಿ, ದನ ಮೇಯುವ ಬಯಲುಗಳ ನಡುವೆ ಗೇಟುಗಳು ಬರುತ್ತಲೇ ಇರುತ್ತವೆ. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಮುಂದೆ ಹೋಗಬೇಕು; ಗುಂಪಿನಲ್ಲಿ ಕೊನೆಯವರಿಗೆ ಈ ಹೊಣೆ ಒಪ್ಪಿಸಿದರೆ ಮರೆಯುವುದಿಲ್ಲ. ಕರುವಿರುವ ಹಸುಗಳನ್ನು ಸುತ್ತಿ ಬಳಸಿ ಹೋಗಬೇಕು. ಬಾನಾಡಿ (ಸ್ಕೈಲಾರ್ಕ್) ಹಕ್ಕಿಗಳು ವಸಂತದಿಂದ ಬೇಸಿಗೆಯವರೆಗೆ ಹುಲ್ಲಿನ ನೆಲದ ಮೇಲೆಯೇ ಗೂಡು ಕಟ್ಟುವುದರಿಂದ ಆ ತಿಂಗಳುಗಳಲ್ಲಿ ದಾರಿಬಿಟ್ಟು ಹುಲ್ಲಿಗೆ ಇಳಿಯದಿರುವುದು ಇನ್ನೂ ಮುಖ್ಯ.

ಹೆದ್ದಾರಿ ದಾಟುಗಳನ್ನೂ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಬೇಕು. ಎ3ಕ್ಕೆ ಕೆಳಸೇತುವೆಯಿದೆ, ಎ27ಕ್ಕೆ ಮೇಲ್ಸೇತುವೆಯಿದೆ. ವಾಷಿಂಗ್ಟನ್ ಹಳ್ಳಿಯ ಬಳಿಯ ಎ24ನ್ನು ನೇರವಾಗಿ ದಾಟುವುದು ಅಪಾಯ. ಹಳ್ಳಿಯೊಳಗಿನಿಂದ ಸೇತುವೆಯ ಮೇಲೆ ಹಾಯುವ ಬದಲಿ ದಾರಿಗೆ ಫಲಕವಿದೆ. ಕೊಂಚ ಸುತ್ತಾದರೂ ಅದನ್ನೇ ಹಿಡಿಯಬೇಕು. ಅಪಘಾತವಾದರೆ 999 ಅಥವಾ 112ಕ್ಕೆ ಕರೆ ಮಾಡಿ ನಕ್ಷೆಯ ಗ್ರಿಡ್ ಸಂಖ್ಯೆ ಹೇಳಿದರೆ ನೆರವು ಬೇಗ ತಲುಪುತ್ತದೆ.

ಆಲ್ಫ್ರಿಸ್ಟನ್‌ನಿಂದ ಈಸ್ಟ್‌ಬೋರ್ನ್‌ಗೆ

ಹೊಸಬರು ದಾರಿ ತಪ್ಪುವುದು ಹೆಚ್ಚಾಗಿ ಕೊನೆಯಲ್ಲಿ. ಆಲ್ಫ್ರಿಸ್ಟನ್‌ನಲ್ಲಿ ಹಾದಿ ಎರಡಾಗಿ ಒಡೆಯುತ್ತದೆ. ಚಿತ್ರಗಳಲ್ಲಿ ಪ್ರಸಿದ್ಧವಾದ ಸೆವೆನ್ ಸಿಸ್ಟರ್ಸ್ ಬಿಳಿ ಕಡಿಬಂಡೆಗಳ ಅಂಚಿನ ದಾರಿ ನಡೆಯುವವರಿಗೆ ಮಾತ್ರ. ಸೈಕಲ್ಲಿನವರು ನೀಲಿ ಬಾಣ ಹಿಡಿದು ವಿಂಡೋವರ್ ಹಿಲ್ ಏರಿ, ಜೆವಿಂಗ್ಟನ್ ಹಳ್ಳಿಗೆ ಇಳಿದು, ಕೊನೆಯ ಏರು ಮುಗಿಸಿ ಈಸ್ಟ್‌ಬೋರ್ನ್‌ನ ಪಶ್ಚಿಮದಂಚಿಗೆ ತಲುಪಬೇಕು. ಬಂಡೆಗಳನ್ನು ನೋಡಲೇಬೇಕೆಂದಿದ್ದರೆ ಮರುದಿನ ಸೈಕಲ್ ಬಿಟ್ಟು ಕಾಲ್ನಡಿಗೆಯಲ್ಲಿ ಹೋಗುವ ಏರ್ಪಾಡು ಮಾಡಿಕೊಳ್ಳಬಹುದು. ಹಾದಿ ಮುಗಿಯುವ ಜಾಗಕ್ಕೂ ರೈಲ್ವೆ ಸ್ಟೇಷನ್ನಿಗೂ ನಡುವೆ ಊರೊಳಗಿನ ಸಣ್ಣ ಸವಾರಿ ಇದ್ದೇ ಇರುವುದರಿಂದ ರೈಲಿನ ಸಮಯಕ್ಕೆ ಅದನ್ನೂ ಸೇರಿಸಿಕೊಳ್ಳಬೇಕು.

ಅದೇ ಸಂಜೆ ಮಾಡಲೇಬೇಕಾದ ಕೆಲಸ ಎರಡು. ಎತ್ತರದ ಹುಲ್ಲು, ಜರೀಗಿಡಗಳ ನಡುವೆ ಹಾದು ಬಂದವರ ಮೈಗೆ ಉಣ್ಣೆ ಹತ್ತಿರುವ ಸಾಧ್ಯತೆ ಇದೆ. ಇಲ್ಲಿಯ ಉಣ್ಣೆಗಳಿಂದ ಲೈಮ್ ರೋಗ ಹರಡಬಹುದು. ಮೊಣಕಾಲ ಹಿಂಬದಿ, ತೊಡೆಸಂದು, ಕಂಕುಳು ನೋಡಿಕೊಂಡು, ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರಕ್ಕೆ ಎಳೆದು ತೆಗೆಯಬೇಕು. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡತೊಡಗಿದರೆ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಸೈಕಲ್ಲಿನದು. ಮೆತ್ತಿದ ಸುಣ್ಣದ ಕೆಸರು ಒಣಗುವ ಮುನ್ನ ಬಕೆಟ್ ನೀರು, ಬ್ರಷ್ ಹಿಡಿದು ಚೈನ್, ಗೇರ್, ಬ್ರೇಕ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು.