ಬಾತಿನಾದ ಲೂಸರ್ನ್‌ಗೆ ಜಿಗಿಹುಳು: ತಳಿ ಆರಿಸುವ ಬಗೆ
ಒಮಾನ್‌ನ ಬಾತಿನಾ ಕರಾವಳಿಯ ಮುಖ್ಯ ಹಸಿರು ಮೇವುಗಳಲ್ಲಿ ಲೂಸರ್ನ್, ಅಂದರೆ ಕುದುರೆ ಮಸಾಲೆಯೂ ಒಂದು. ಜಿಗಿಹುಳು ರಸ ಹೀರಿದ ಎಲೆಯ ತುದಿ ‘ವಿ’ ಆಕಾರದಲ್ಲಿ ಹಳದಿಯಾಗುತ್ತದೆ, ಗಿಡ ಕುಗ್ಗುತ್ತದೆ, ಮೇವಿನ ಪ್ರೋಟೀನ್ ಇಳಿಯುತ್ತದೆ. ಇದನ್ನು ನೀರಿನ ಕೊರತೆಯೆಂದು ಭಾವಿಸಿ ನೀರು ಹೆಚ್ಚಿಸುವುದುಂಟು. ಅಂತರ್ಜಲ ಉಪ್ಪಾಗುತ್ತಿರುವ ಬಾತಿನಾದಲ್ಲಿ ಅದು ದುಬಾರಿ ತಪ್ಪು.

ಅಮೆರಿಕದಲ್ಲಿ 1997ರಿಂದ ಮಾರಾಟಕ್ಕೆ ಬಂದ ನಿರೋಧಕ ತಳಿಗಳ ಕಾಂಡ, ಎಲೆಗಳ ಮೇಲೆ ಅಂಟು ಸ್ರವಿಸುವ ರೋಮಗಳಿವೆ. ಅವನ್ನು ರೂಪಿಸಿದ್ದು ಉತ್ತರ ಅಮೆರಿಕದ ಆಲೂಗಡ್ಡೆ ಜಿಗಿಹುಳುವಿಗಾಗಿ. ಅದು ಒಮಾನ್‌ನ ಕೀಟವಲ್ಲ. ಬೀಜದ ಚೀಲದ ಮೇಲೆ ‘ನಿರೋಧಕ’ ಎಂದಿದ್ದರೆ ಸಾಲದು, ಸ್ಥಳೀಯ ಪರೀಕ್ಷೆ ಬೇಕೇ ಬೇಕು.

ಪರೀಕ್ಷೆಯಲ್ಲಿ ಹೊಸ ತಳಿಯ ಪಕ್ಕದಲ್ಲೇ ಬಾತಿನಾದ ನಾಟಿ ತಳಿಯನ್ನೂ ಬಿತ್ತಿ, ಎರಡನ್ನೂ ಕನಿಷ್ಠ 4 ಮಡಿಗಳಲ್ಲಿ ಬೆಳೆಯಬೇಕು. ಪ್ರತಿ ಮಡಿಯ ಅರ್ಧಕ್ಕೆ ಕೀಟನಾಶಕ ಸಿಂಪಡಿಸಿ ಉಳಿದರ್ಧವನ್ನು ಹಾಗೇ ಬಿಟ್ಟರೆ, ಇಳುವರಿಯ ಅಂತರವೇ ನಿಜವಾದ ಅಳತೆ. ಬಲೆ ಬೀಸಿ ಎಣಿಸಿದ ಹುಳುಗಳ ಸಂಖ್ಯೆಯೊಂದನ್ನೇ ನಂಬಿದರೆ ಮೋಸವಾದೀತು. ಕೆಲವು ತಳಿಗಳು ಹುಳುವಿದ್ದರೂ ತಾಳಿಕೊಳ್ಳುತ್ತವೆ. ಬಿತ್ತಿದ ವರ್ಷ ನಿರೋಧಕ ಶಕ್ತಿ ಕಡಿಮೆ. ಆದ್ದರಿಂದ ಎರಡನೆಯ ವರ್ಷದ ಕೊಯ್ಲುಗಳನ್ನೂ ತೂಗಿ ನೋಡಬೇಕು. ಅಲ್ಲಿನ ಬಿಸಿಲಿಗೆ ಒಗ್ಗಿದ ನಾಟಿ ತಳಿಯನ್ನು ಅದಕ್ಕೆ ಮೊದಲೇ ಕೈಬಿಡುವುದು ಸಲ್ಲದು.