ಶೋರೂಮಿನ ಅಂದ, ಅಡುಗೆ ಸೋಡಾದ ಖರ್ಚು

ದುಬಾರಿ ಅಂಗಡಿಯಲ್ಲಿ ಕಂಡ ಹೂದಾನಿ, ದೀಪ, ಗೋಡೆಯ ಅಲಂಕಾರಗಳಂಥವನ್ನೇ ಕಡಿಮೆ ಖರ್ಚಿನಲ್ಲಿ ಮಾಡುವುದು ಮೊದಲು ನನಗೆ ಹವ್ಯಾಸವಾಗಿತ್ತು, ಈಗ ಅರ್ಧ ಉದ್ಯೋಗ. ವಾರಾಂತ್ಯದಲ್ಲಿ ಮೈಸೂರಿನ ನಮ್ಮ ಮನೆಯ ಹಜಾರದಲ್ಲೇ ಕಲಿಸುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು, ‘ಯಾವ ಬಣ್ಣ ತರಬೇಕು ಮೇಡಂ?’ ಅಂತ. ಬಣ್ಣದ ಮಾತು ಆಮೇಲೆ.

1. ಎತ್ತಿ ನೋಡಿ, ತಿರುಗಿಸಿ ನೋಡಿ

ಫೋನಿನ ಚಿತ್ರ ಇಟ್ಟುಕೊಂಡು ಕೂತರೆ ಆಕಾರವೊಂದೇ ಸಿಗುತ್ತದೆ. ಅಂಗಡಿಗೇ ಹೋಗಿ. ಕೈಗೆತ್ತಿಕೊಂಡು ತೂಕ ನೋಡಿ, ತಳ ನೋಡಿ, ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ. ಅಷ್ಟು ಬೆಲೆ ಯಾತಕ್ಕೆ ಎಂಬುದು ಆಗ ಹೊಳೆಯುತ್ತದೆ. ಕೆಲವಕ್ಕೆ ಕೈಕೆಲಸದ ಬೆಲೆ, ಕೆಲವಕ್ಕೆ ಹೆಸರಿನ ಬೆಲೆ, ಎಷ್ಟೋ ಸಲ ಬರೀ ಅಳತೆಯ ಬೆಲೆ. ಮನೆಯಲ್ಲಿ ಮಾಡಿದ್ದು ಸಪ್ಪೆಯಾಗಿ ಕಾಣಲು ನಾನು ಕಂಡ ದೊಡ್ಡ ಕಾರಣ, ಅದು ಪುಟ್ಟದಾಗಿರುವುದು. ಅಂಗಡಿಯಲ್ಲಿ ಎರಡಡಿ ಇದ್ದದ್ದನ್ನು ನಾವು ಒಂಬತ್ತು ಇಂಚಿಗೆ ಇಳಿಸಿರುತ್ತೇವೆ. ಚೀಲದಲ್ಲಿ ಟೇಪ್ ಇರಲಿ. ಸೇಲ್ಸ್‌ನವರು ಓರೆಗಣ್ಣಲ್ಲಿ ನೋಡಿದರೆ ನೋಡಲಿ.

2. ಮಿಂಚು ತೆಗೆಯಿರಿ

ಈಗ ಬೇಡಿಕೆಯಿರುವ ಹೂದಾನಿಗಳಲ್ಲಿ ಹೆಚ್ಚಿನವು ಮಿಂಚಿಲ್ಲದ, ಒರಟು ಮೈಯ ಸ್ಟೋನ್‌ವೇರ್. ಅದರ ನಕಲಿಗೆ ಬೇಕಾದದ್ದು ಒಂದು ದೊಡ್ಡ ಗಾಜಿನ ಬಾಟಲಿ ಮತ್ತು ಅಡುಗೆ ಸೋಡಾ. ಬಾಟಲಿಯನ್ನು ಬಿಸಿನೀರಲ್ಲಿ ನೆನೆಸಿ ಲೇಬಲ್ ಕೀಳಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜಿ, ಆ ಎಣ್ಣೆಯ ಜಿಡ್ಡೂ ಹೋಗುವಂತೆ ಸೋಪು ಹಾಕಿ ತೊಳೆಯಿರಿ. ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಮೈಯೆಲ್ಲ ತಿಕ್ಕಿದರೆ ಬಣ್ಣ ಹಿಡಿಯುತ್ತದೆ.

ಮೂರು ಚಮಚ ಅಕ್ರಿಲಿಕ್ ಬಣ್ಣಕ್ಕೆ ಒಂದು ಚಮಚ ಸೋಡಾ ಸಾಕು. ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಬರಬೇಕು. ಹೊತ್ತು ಹೋದಂತೆ ಇನ್ನೂ ಗಟ್ಟಿಯಾಗುವುದರಿಂದ ಬೇಕಾದಷ್ಟೇ ಕಲಸಿ. ಬ್ರಷ್ ಎಳೆಯಬೇಡಿ, ಅಡ್ಡಾದಿಡ್ಡಿ ತಟ್ಟಿ. ಎಳೆದರೆ ಗೋಡೆಗೆ ಬಣ್ಣ ಬಳಿದ ಹಾಗೆ ಗೆರೆ ಬೀಳುತ್ತವೆ, ತಟ್ಟಿದರೆ ಮಣ್ಣಿನ ಗುಳಿ ಮೂಡುತ್ತವೆ. ಬಾಯಿಯ ಒಳಗೂ ಒಂದು ಇಂಚು ಬಣ್ಣ ಇಳಿಯಬೇಕು. ನಿಂತವರ ಕಣ್ಣು ಮೊದಲು ಬೀಳುವುದು ಅಲ್ಲೇ, ಗಾಜು ಕಂಡರೆ ಗುಟ್ಟು ರಟ್ಟು.

ಎರಡನೇ ಕೋಟ್ ಒಣಗಿದ ಮೇಲೆ ಒಂದು ಹಿಡಿ ಕೆಮ್ಮಣ್ಣನ್ನು ಹಳೇ ಪಂಚೆಯಲ್ಲಿ ಸೋಸಿ, ನೀರಿಗೆ ಕಲಸಿ ಸವರಿ, ಅರೆ ಒದ್ದೆ ಇರುವಾಗಲೇ ಬಟ್ಟೆಯಿಂದ ಒರೆಸಿ. ಉಬ್ಬಿನ ಮೇಲಿನ ಮಣ್ಣು ಹೋಗಿ ಗುಳಿಯೊಳಗಿನದು ಉಳಿಯುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್. ಹೊಳೆಯುವ ವಾರ್ನಿಶ್ ಹೊಡೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

3. ಅಚ್ಚ ಬಿಳಿ ಬೇಡ

ಡಬ್ಬಿಯಿಂದ ಬಂದ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಆಸ್ಪತ್ರೆಯ ಗೋಡೆಯ ಬಣ್ಣವಾಗುತ್ತದೆ. ಒಂದು ತೊಟ್ಟು ಹಳದಿ, ಅರೆತೊಟ್ಟು ಕಂದು ಬೆರೆಸಿ.

4. ತೂಕ ಕೊಡಿ

ಅತಿಥಿಗಳು ಮುಟ್ಟದೆ ಬಿಡುವುದಿಲ್ಲ. ಎತ್ತಿದಾಗ ಹಗುರವಾಗಿ ಮೇಲೆದ್ದರೆ ಮುಗಿಯಿತು. ಒಣಹೂ ಇಡುವ ಪಾತ್ರೆಗೆ ಕಾಲುಭಾಗ ತೊಳೆದೊಣಗಿಸಿದ ಮರಳು ತುಂಬಿ. ಬೆಕ್ಕು, ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಬೇರೆ ಉಪಯೋಗವೂ ಇದೆ.

5. ಗೋಡೆಯ ಕಲೆಗೆ ಪುಟ್ಟಿ, ಬಾಚಣಿಗೆ

ಬಿಳಿ ಮೇಲೆ ಬಿಳಿ ಉಬ್ಬುಗೆರೆಯ ಫಲಕಗಳು ಗ್ಯಾಲರಿಗಳಲ್ಲಿ ಸಾವಿರಗಟ್ಟಲೆ ಬೆಲೆಗೆ ಹೋಗುತ್ತವೆ. ಪ್ಲೈವುಡ್ ತುಂಡಿಗೆ ಮೊದಲು ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿ, ಮೇಲೆ ಪೇಂಟರ್‌ಗಳು ಗೋಡೆಗೆ ಹಾಕುವ ಪುಟ್ಟಿ ಎಳೆದು, ಹಸಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯನ್ನು ಒಂದೇ ಉಸಿರಿನಲ್ಲಿ ಕಮಾನಿನಾಕಾರಕ್ಕೆ ತಿರುಗಿಸಿ. ನಡುವೆ ನಿಂತರೆ ಗಂಟು ಬೀಳುತ್ತದೆ. ದಪ್ಪಗೆ ಬಳಿದು ಬಿಸಿಲಿಗಿಟ್ಟರೆ ಬಿರುಕು ಬಿಡುವುದು ಖಾತ್ರಿ, ನೆರಳಲ್ಲಿ ಒಣಗಲಿ. ಮರದ ಚೌಕಟ್ಟಿಗೆ ಮಾತ್ರ ಜಿಪುಣತನ ಮಾಡಬೇಡಿ, ದುಡ್ಡು ಅಲ್ಲಿ ಹೋಗಲಿ.

6. ಕಾಗದದ ದೀಪ ನಮಗೆ ಹೊಸದಲ್ಲ

ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಜಪಾನಿನ ಗಿಫು ನಗರಕ್ಕೆ ಹೋದಾಗ ಅಲ್ಲಿನವರು ಲಾಂದ್ರ ಮಾಡುವುದನ್ನು ನೋಡಿ ‘ಅಕಾರಿ’ ದೀಪಗಳನ್ನು ರೂಪಿಸತೊಡಗಿದರು. ಮರದ ಅಚ್ಚಿಗೆ ಬಿದಿರಿನ ಎಳೆ ಸುತ್ತಿ, ಮೇಲೆ ತೊಗಟೆಯ ನಾರಿನ ಕಾಗದ ಅಂಟಿಸಿ, ಒಣಗಿದ ಮೇಲೆ ಅಚ್ಚನ್ನು ಬಿಚ್ಚಿ ತೆಗೆಯುತ್ತಾರೆ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದ ಕೈಗೆ ಈ ಜಾತಿಯ ದೀಪ ಕಷ್ಟವಲ್ಲ. ಗುಂಡಗಿನದರ ಗೊಡವೆ ಬೇಡ, ಉದ್ದನೆಯ ಕಂಬ ಮಾಡಿ. ಬಿದಿರಿನ ಸೀಳು ಕಟ್ಟಿ, ಕೆನೆಬಣ್ಣದ ತೆಳು ಕಾಗದ ಅಂಟಿಸಿ. ಮೈದಾ ಅಂಟಿಗೆ ಜಿರಳೆ ಬರುತ್ತದೆ, ಫೆವಿಕಾಲೇ ಇರಲಿ. ಆಮೇಲೆ ನೀರನ್ನು ಮಂಜಿನಷ್ಟೇ ಸಿಂಪಡಿಸಿದರೆ ಸುಕ್ಕೆಲ್ಲ ಒಣಗುತ್ತ ಬಿಗಿದುಕೊಳ್ಳುತ್ತವೆ. ಒಳಗೆ ಎಲ್‌ಇಡಿ ಬಲ್ಬ್ ಮಾತ್ರ, ಅದೂ 2700 ಕೆಲ್ವಿನ್ನಿನ ಹಳದಿ ಬೆಳಕಿನದು. ಹಳೇ ಕಾಲದ ಬಲ್ಬಿನ ಕಾವು ಕಾಗದಕ್ಕೆ ಆಗದು.

ಅಸಲಿ ಅಕಾರಿಯ ಮೇಲೆ ಸೂರ್ಯ ಚಂದ್ರರ ಮುದ್ರೆ ಇರುತ್ತದೆ. ಅದನ್ನು ಬರೆಯಲು ಹೋಗಬೇಡಿ. ಮನೆಗೆ ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ. ನಮ್ಮಲ್ಲಿ 2000ದ ವಿನ್ಯಾಸ ಕಾಯ್ದೆಯ ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ ರಕ್ಷಣೆ, ನವೀಕರಿಸಿದರೆ ಇನ್ನೂ 5. ಮಾರುವ ಯೋಚನೆ ಇದ್ದವರು ಸ್ವಂತ ಆಕಾರ ಹುಡುಕಿಕೊಳ್ಳುವುದು ಮೇಲು.

7. ಚಿನ್ನ ಚಿಟಿಕೆಯಷ್ಟು

ಸ್ಪ್ರೇ ಡಬ್ಬಿಯ ಚಿನ್ನದ ಬಣ್ಣ ಮದುವೆ ಮಂಟಪದ ಕಂಬಕ್ಕೆ ಸರಿ. ಮನೆಗಾದರೆ ಹಾಳೆ ತನ್ನಿ. ಅಗ್ಗದ ‘ಗೋಲ್ಡ್ ಲೀಫ್’ ಎಂದರೆ ತಾಮ್ರ ಸತುವಿನ ಮಿಶ್ರಣ, ಮೇಲೆ ವಾರ್ನಿಶ್ ಇಲ್ಲದಿದ್ದರೆ ಕಪ್ಪಾಗುತ್ತದೆ. ಅಂಟು ಬೆರಳಿಗೆ ಜಿಗುಟುವ, ಆದರೆ ಮೆತ್ತಿಕೊಳ್ಳದ ಹದಕ್ಕೆ ಬಂದಾಗ ಹಾಳೆ ಇಡಿ. ಫ್ಯಾನ್ ಆರಿಸಿರಬೇಕು. ಅಂಚಿಗೊಂದು ಗೆರೆ ಸಾಕು.

8. ಕೆಲವನ್ನು ಕೊಂಡೇ ತರಬೇಕು

ಬಿದರಿಯಂತೆ ಕಾಣಲಿ ಎಂದು ಕಪ್ಪು ಬಣ್ಣದ ಮೇಲೆ ಬೆಳ್ಳಿ ಪೆನ್ನಿನಲ್ಲಿ ಬಳ್ಳಿ ಬರೆದು ತರುವವರಿದ್ದಾರೆ. ನಾನು ಕಲಿಸುವುದಿಲ್ಲ. ಸತು ತಾಮ್ರದ ಎರಕಕ್ಕೆ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಲ್ಲಿ ಕಪ್ಪಾಗಿಸುವ ಕೆಲಸ ಅದು. ಅಲ್ಲಿ ಬೆಲೆ ಕೊಡುವುದು ಕೈಗೆ. ಚನ್ನಪಟ್ಟಣದ್ದೂ ಅಷ್ಟೇ. ತಿರುಗುವ ಮರಕ್ಕೆ ಅರಗು ಒತ್ತಿ, ಉಜ್ಜಿದ ಕಾವಿಗೇ ಅದು ಕರಗಿ ಹಿಡಿಯುವಂತೆ ಮಾಡಿದ ಬಣ್ಣದ ಹೊಳಪು ಯಾವ ಡಬ್ಬಿಯಲ್ಲೂ ಸಿಗದು, ಬೆಲೆಯೂ ಹೆದರುವಷ್ಟಿಲ್ಲ. ಬೆಂಗಳೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಗೆ ಇಳಿದರೆ ಊರೊಳಗೇ ಅಂಗಡಿಗಳಿವೆ.